ತಳ್ಳುಗಾಡಿಗೊಂದು ನಲ್ಲಿ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ನಗರ ಸಾರಿಗೆಗೆ ಬಿಟಿಎಸ್ ಎಂಬ ಹೆಸರಿದ್ದ ಕೆಂಪು ಬಸ್ಸಿನ ಕಾಲದಲ್ಲಿ ನಿರ್ವಾಹಕನಾಗಿ ಸೇರಿ, ಬಿಎಂಟಿಸಿಯಲ್ಲಿ ನಿವೃತ್ತನಾದವನು ನಾನು. ಬೆಳಗಿನ ಪಾಳಿಯವರಿಗೆ ಮನೆಯ ತಿಂಡಿ ಎಂಬುದಿಲ್ಲ. ಟ್ರಿಪ್ ಮುಗಿದಲ್ಲೇ ತಿಂಡಿ, ಅದೂ ಚಾಲಕ ಹಾರ್ನ್ ಒತ್ತುವ ಮೊದಲು. ಹಾಗಾಗಿ ಬೆಂಗಳೂರಿನ ಬೀದಿಗಳು ನನಗೆ ಹೆಸರಿಗಿಂತ ಹೆಚ್ಚಾಗಿ ರುಚಿಯಿಂದ ನೆನಪಿವೆ. ಶಂಕರಪುರವೆಂದರೆ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ, ವಡೆ, ಕೇಳಿದಷ್ಟು ಚಟ್ನಿ. ಅಲ್ಲಿ ಸಾಂಬಾರ್ ಇಲ್ಲ, ಕೇಳಿದರೆ ಹೊಸಬ ಎಂದು ಗೊತ್ತಾಗಿಬಿಡುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಗೆ ಕಾಯಬೇಕು, ಅದು ವಾರದ ರಜೆಗೆ ಮೀಸಲು. 1983ರಲ್ಲಿ ಜಯನಗರದಲ್ಲಿ ದರ್ಶಿನಿ ಶುರುವಾದಾಗ ನಿಂತುಕೊಂಡು ತಿನ್ನುವುದೇ ಊರಿಗೆಲ್ಲ ಸುದ್ದಿಯಾಯಿತು. ದಿನವಿಡೀ ನಿಂತೇ ಇರುವ ಕಂಡಕ್ಟರನಿಗೆ ಅದೇನು ಮಹಾ!

ಆದರೂ ಹೆಚ್ಚು ಉಂಡಿದ್ದು ತಳ್ಳುಗಾಡಿಗಳಲ್ಲಿಯೇ. ಕಲಾಸಿಪಾಳ್ಯ, ಮಾರ್ಕೆಟ್, ಮೆಜೆಸ್ಟಿಕ್ ಸುತ್ತಮುತ್ತಲಿನ ಚಿತ್ರಾನ್ನ, ಪಲಾವ್, ತಟ್ಟೆ ಇಡ್ಲಿ, ಮಧ್ಯಾಹ್ನವಾದರೆ ಮುದ್ದೆ ಸೊಪ್ಪುಸಾರು. ಇಷ್ಟು ವರ್ಷದಲ್ಲಿ ಹೊಟ್ಟೆ ಕೆಟ್ಟಿದ್ದು ಎರಡೇ ಸಲ, ಅದರಲ್ಲೊಂದು ಮದುವೆ ಮನೆಯದು.

ಈಗ ನನ್ನ ಕಣ್ಣಿಗೆ ಚುಚ್ಚುತ್ತಿರುವುದು ತಟ್ಟೆ. ನಮ್ಮ ಬಡಾವಣೆಯ ಬಸ್ ನಿಲ್ದಾಣದ ಬಳಿ ಒಬ್ಬ ತಾಯಿ ಗಾಡಿ ಇಟ್ಟಿದ್ದಾರೆ. ಸ್ಟೀಲ್ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಮೊಳೆಗೆ ನೇತುಹಾಕಿದ ಕಟ್ಟಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಕಿತ್ತು ಹಾಸಿ, ಅದರ ಮೇಲೆ ಹೊಗೆಯಾಡುವ ಉಪ್ಪಿಟ್ಟು ಬಡಿಸುತ್ತಾರೆ. ಬಿಸಿ ತಾಗಿದ ಕೂಡಲೇ ಹಾಳೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ತುತ್ತು ಕಲಸಲು ಹೋದರೆ ಬೆರಳಿಗೆ ಸುತ್ತಿಕೊಂಡು ಬರುತ್ತದೆ. ತಿಂದಾದ ಮೇಲೆ ಹಾಳೆ ಎಂಜಲು ಸಮೇತ ಬುಟ್ಟಿಗೆ, ತಟ್ಟೆ ಮುಂದಿನವರಿಗೆ. ಬುಟ್ಟಿ ತುಂಬಿದರೆ ಅದೆಲ್ಲ ಬೀದಿ ಹಸುವಿನ ಹೊಟ್ಟೆಗೆ.

2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಕುತ್ತಾರೆಂದು ದೊಡ್ಡ ಸುದ್ದಿಯಾಗಿ, ಸರ್ಕಾರ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬಟ್ಟೆಯ ಮೇಲೆ ಬೆಂದ ಇಡ್ಲಿಯೂ ಕೊನೆಗೆ ಬಂದು ಕೂರುವುದು ಈ ಹಾಳೆಯ ಮೇಲೆಯೇ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ನಿಷೇಧವಿದೆ, ಊಟದ ಮೇಜಿಗೆ ಹಾಸುವ ಹಾಳೆಯೂ ಆ ಪಟ್ಟಿಯಲ್ಲಿದೆ. ಗಾಡಿಯ ತಟ್ಟೆಯನ್ನು ಮಾತ್ರ ಯಾರೂ ಬಗ್ಗಿ ನೋಡಿದಂತಿಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ. "ಯಾಕಮ್ಮಾ ಇದು? ಮೊದಲು ತಟ್ಟೆ ತೊಳೆಯುತ್ತಿದ್ದಿರಲ್ಲ?"

"ನೀರು ಎಲ್ಲಿದೆ ಕಂಡಕ್ಟರ್ ಸಾರ್?" ಎಂದರು. ಮಗ ಕಾಲೇಜಿಗೆ ಹೋಗುವ ಮುನ್ನ ಸ್ಕೂಟರಿನಲ್ಲಿ ಎರಡು ಕ್ಯಾನ್ ನೀರು ತಂದಿಟ್ಟು ಹೋಗುತ್ತಾನೆ. ಒಂದು ಕುಡಿಯಲು, ಇನ್ನೊಂದು ಕೈ ತೊಳೆಯಲು. ಮೊದಲು ಎರಡು ಬಕೆಟ್ ಇಟ್ಟು ತಟ್ಟೆ ಅದ್ದಿ ತೆಗೆಯುತ್ತಿದ್ದರು. ಐವತ್ತು ತಟ್ಟೆಯಾಗುವಷ್ಟರಲ್ಲಿ ಆ ನೀರು ಸಾರಿನ ಬಣ್ಣಕ್ಕೆ ತಿರುಗುತ್ತಿತ್ತು, ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. "ಹಾಳೆ ಹಾಕಿದ ಮೇಲೆ ಎಲ್ಲರೂ ಕ್ಲೀನಾಗಿದೆ ಎನ್ನುತ್ತಾರೆ" ಎಂದು ನಕ್ಕರು. ಅಡಿಕೆ ಹಾಳೆಯ ತಟ್ಟೆ ಕೊಂಡರೆ ಒಂದು ಪ್ಲೇಟಿನ ಲಾಭದಲ್ಲಿ ಅರ್ಧ ಅದಕ್ಕೇ ಹೋಗುತ್ತದಂತೆ. ಬಾಳೆ ಎಲೆಯ ದರವೋ, ಹಬ್ಬ ಬಂದರೆ ಕೇಳುವುದೇ ಬೇಡ.

ನನಗೆ ಉತ್ತರ ಹೊಳೆಯಲಿಲ್ಲ. ಈ ಹಾಳೆಯನ್ನು ಗಾಡಿಯವರ ದುರಾಸೆ ಎಂದುಕೊಂಡಿದ್ದೆ. ದರ್ಶಿನಿಯವರಿಗೆ ಹಿತ್ತಲಿದೆ, ತೊಟ್ಟಿಯಿದೆ, ತೊಳೆಯಲು ಆಳಿದ್ದಾರೆ. ಈ ತಾಯಿಗೆ ಎರಡು ಕ್ಯಾನ್.

ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ವ್ಯಾಪಾರ ವಲಯಗಳಲ್ಲಿ ಒದಗಿಸುವ ನಾಗರಿಕ ಸೌಲಭ್ಯಗಳಿಗೆ ವ್ಯಾಪಾರಿಗಳು ನಿರ್ವಹಣಾ ಶುಲ್ಕ ಕೊಡಬೇಕೆಂದು ಅದರಲ್ಲಿದೆ. ಅಂದರೆ ಪುಕ್ಕಟೆ ಕೇಳುತ್ತಿಲ್ಲ. ಈಗ ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. ಹೊಸ ಬೋರ್ಡುಗಳು ಬಂದಿವೆ, ನಲ್ಲಿಗಳೂ ಬರಲಿ. ಹತ್ತು ಗಾಡಿಗಳು ನಿಲ್ಲುವ ಕಡೆ ಒಂದು ನಲ್ಲಿ, ತಟ್ಟೆ ತೊಳೆಯಲು ಒಂದು ಕಟ್ಟೆ, ಎಂಜಲು ನೀರು ಮಳೆನೀರಿನ ಮೋರಿಗೆ ಹೋಗದಂತೆ ಒಳಚರಂಡಿಗೆ ಸಂಪರ್ಕ. ಇದಿಷ್ಟನ್ನು ಮಾಡಿ, ಆಮೇಲೆ ಹಾಳೆ ಹಾಸುವವರಿಗೆ ದಂಡ ಹಾಕಿದರೆ ನಾನೂ ಅಧಿಕಾರಿಗಳ ಪಕ್ಕದಲ್ಲೇ ನಿಲ್ಲುತ್ತೇನೆ. ಬೇಸಿಗೆಯಲ್ಲಿ ಮನೆಗಳಿಗೇ ನೀರಿಲ್ಲ, ಗಾಡಿಗೆಲ್ಲಿಂದ ತರುವುದು ಎನ್ನುವವರಿದ್ದಾರೆ. ತಟ್ಟೆ ತೊಳೆಯಲು ಕಾವೇರಿಯೇ ಬೇಕೆಂದಿಲ್ಲ, ಶುದ್ಧವಾಗಿದ್ದರೆ ಬೋರ್‌ವೆಲ್ ನೀರೂ ಸಾಕು.

ಸದ್ಯಕ್ಕೆ ನಾನು ಮನೆಯಿಂದ ತಟ್ಟೆ ಒಯ್ಯುತ್ತಿದ್ದೇನೆ. ಮೊದಲ ದಿನ ಆ ತಾಯಿ, "ಯಾಕೆ ಸಾರ್, ನಮ್ಮ ತಟ್ಟೆ ಆಗುವುದಿಲ್ಲವೇ?" ಎಂದು ಮುನಿಸಿಕೊಂಡಿದ್ದರು. ಈಗ ಇಬ್ಬರು ಆಟೊ ಚಾಲಕರೂ ಬುತ್ತಿ ಡಬ್ಬಿಯ ಮುಚ್ಚಳ ಚಾಚುತ್ತಾರೆ. ಆದರೆ ಬಸ್ಸಿಳಿದು ಓಡುವವರಿಗೆ ತಟ್ಟೆ ತನ್ನಿ ಎಂದು ಹೇಳಲಾಗುವುದಿಲ್ಲವಲ್ಲ.

ಅಂದಹಾಗೆ, ಆ ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಪಾರ್ಕಿದೆ, ಅದರೊಳಗೆ ಬೋರ್‌ವೆಲ್ ಇದೆ. ದಿನವೂ ಬೆಳಗ್ಗೆ ಏಳಕ್ಕೆ ಹುಲ್ಲಿಗೆ ನೀರು ಬಿಡುತ್ತಾರೆ.

– ನಿವೃತ್ತ ಬಸ್ ನಿರ್ವಾಹಕ, ಶ್ರೀನಗರ, ಬೆಂಗಳೂರು