ಪಾಳಿ ಹಿಡಿಯಲು ಕಲಿಸಿದವರಿಗೆ

ತ್ಯಾಜ್ಯನೀರು ಸಂಸ್ಕರಣಾ ಘಟಕಕ್ಕೆ ಹೊಸದಾಗಿ ಸೇರಿದ ನಮ್ಮ ತಂಡದ ತರಬೇತಿ ಮುಗಿದಿದೆ. ಇನ್ನು ರಾತ್ರಿ ಪಾಳಿಯ ಹೊಣೆ ನಮ್ಮದು. ಅದಕ್ಕೆ ನಮ್ಮನ್ನು ಸಜ್ಜುಗೊಳಿಸಿದ ಹಿರಿಯ ಆಪರೇಟರುಗಳಿಗೆ, ಫಿಟ್ಟರುಗಳಿಗೆ, ಎಲೆಕ್ಟ್ರಿಷಿಯನ್ನರಿಗೆ, ಲ್ಯಾಬಿನವರಿಗೆ ಮನಸಾರೆ ವಂದನೆಗಳು. ನೀವು ಕಲಿಸಿದ್ದನ್ನು ಬರೆದಿಟ್ಟರೆ ಮುಂದೆ ಸೇರುವವರಿಗೂ ದಕ್ಕೀತು ಎಂದು ಈ ಬರಹ.

ಎಲ್ಲಕ್ಕಿಂತ ದೊಡ್ಡ ಋಣ, ಕೆಸರು ಎಷ್ಟು ಬೇಗ ತಳಕ್ಕೆ ಇಳಿಯುತ್ತದೆಂದು ನೋಡುವ ಆ ಒಂದು ಲೀಟರಿನ ಜಾಡಿಯದು. ನೀರಿನ ಕೊಳೆಯನ್ನು ಅಳೆಯುವ ಬಿಒಡಿ ಪರೀಕ್ಷೆಯ ಫಲಿತಾಂಶಕ್ಕೆ ಮೂರರಿಂದ ಐದು ದಿನ ಕಾಯಬೇಕು; ಜಾಡಿ ಅರ್ಧ ಗಂಟೆಯಲ್ಲಿ ಸ್ಥಿತಿ ತಿಳಿಸುತ್ತದೆ. ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವ ಏರೇಶನ್ ಟ್ಯಾಂಕಿನಿಂದ ನೀರು ಹೊರಹೋಗುವ ತುದಿಯಲ್ಲಿ, ನೊರೆಯ ಕೆಳಗಿಂದ ಮಾದರಿ ತೆಗೆದು, ತಡಮಾಡದೆ ಜಾಡಿಗೆ ಸುರಿಯಬೇಕು. ಬಿಸಿಲು, ಯಂತ್ರದ ಅದುರು ಎರಡೂ ತಾಗಬಾರದು. 30 ನಿಮಿಷಕ್ಕೆ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) 250 ಮಿಲಿಲೀಟರಿಗೆ ಇಳಿದು, ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿ ತೇಲುವ ಘನ ಕಣಗಳ ಪ್ರಮಾಣ) ಲೀಟರಿಗೆ 2500 ಮಿಲಿಗ್ರಾಂ ಇದ್ದರೆ ಎಸ್‌ವಿಐ, ಅಂದರೆ ಒಂದು ಗ್ರಾಂ ಸ್ಲಡ್ಜ್ ಇಳಿದು ಕೂತಾಗ ಹಿಡಿಯುವ ಮಿಲಿಲೀಟರ್ ಜಾಗ, 100: ನೆಮ್ಮದಿಯ ಅಂಕಿ. 150 ದಾಟಿದರೆ ಎಚ್ಚರ. ಆದರೆ ಕೊನೆಯ ಅಂಕಿಗಿಂತ ಮೊದಲ ಐದು ನಿಮಿಷ ಮುಖ್ಯ ಎಂದು ನಮ್ಮನ್ನು ಜಾಡಿಯ ಮುಂದೆ ನಿಲ್ಲಿಸಿದಿರಲ್ಲ, ಆ ಪಾಠ ಯಾವ ಕೈಪಿಡಿಯೂ ಅಷ್ಟು ಚೆನ್ನಾಗಿ ಕಲಿಸದು. ಸ್ಲಡ್ಜ್ ಸರ್ರನೆ ಕುಸಿದು ಮೇಲಿನ ನೀರಲ್ಲಿ ಸಣ್ಣ ಕಣಗಳು ತೇಲುತ್ತಿದ್ದರೆ ಅದು ಹಳೆಯದಾಗಿದೆ.

ಅರ್ಧ ಗಂಟೆಗೇ ಜಾಡಿ ತೊಳೆಯಬೇಡಿ, ಇನ್ನೂ ಒಂದೆರಡು ಗಂಟೆ ಬಿಡಿ ಎಂದಿರಿ. ಸ್ಲಡ್ಜನ್ನು ತಳಕ್ಕೆ ಇಳಿಸಿ ತಿಳಿನೀರು ಬಿಡುವ ಕ್ಲಾರಿಫೈಯರ್ ತೊಟ್ಟಿಯ ಅಂಚು ದಾಟಿ ಸ್ಲಡ್ಜ್ ಹೋಗತೊಡಗಿದರೆ ಹೊಸಬರ ಕಣ್ಣಿಗೆ ಕಾಯಿಲೆ ಒಂದೇ. ಜಾಡಿ ಅದರ ಎರಡು ಕಾರಣಗಳನ್ನು ಬೇರ್ಪಡಿಸುತ್ತದೆ. ಚೆನ್ನಾಗಿ ಇಳಿದ ಸ್ಲಡ್ಜ್ ಆಮೇಲೆ ಗಡ್ಡೆಗಡ್ಡೆಯಾಗಿ ಮೇಲೆದ್ದು, ಮೆಲ್ಲಗೆ ಕಲಕಿದಾಗ ಗುಳ್ಳೆ ಬಿಟ್ಟು ಮತ್ತೆ ಕೂತರೆ ಅದು ಡಿನೈಟ್ರಿಫಿಕೇಶನ್ (ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸುವುದು): ಕ್ಲಾರಿಫೈಯರಿನ ತಳದಲ್ಲಿ ಸ್ಲಡ್ಜ್ ಹೆಚ್ಚು ಹೊತ್ತು ನಿಂತು ಸಾರಜನಕದ ಗುಳ್ಳೆ ಹುಟ್ಟಿದೆ. ಸ್ಲಡ್ಜನ್ನು ಏರೇಶನ್ ಟ್ಯಾಂಕಿಗೆ ಮರಳಿಸುವ ಪಂಪಿನ ಹರಿವು ಹೆಚ್ಚಿಸಬೇಕು. ಮೊದಲಿಂದಲೇ ಇಳಿಯದೆ, ಮೇಲಿನ ನೀರು ಮಾತ್ರ ತಿಳಿಯಾಗಿದ್ದರೆ ಎಳೆಯಂಥ ಬ್ಯಾಕ್ಟೀರಿಯಾ ಬೆಳೆದಿವೆ; ಸೂಕ್ಷ್ಮದರ್ಶಕದಲ್ಲಿ ನೋಡಿ, ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿದೆಯೇ ಪರೀಕ್ಷಿಸಬೇಕು. ಮದ್ದು ಯಾವುದಾದರೂ ಒಂದು ಸಲಕ್ಕೆ ಒಂದೇ ಬದಲಾವಣೆ. ಹೊರತೆಗೆಯುವ ಸ್ಲಡ್ಜಿನ ಪ್ರಮಾಣವನ್ನು ದಿನಕ್ಕೆ ಶೇ. 10–15ಕ್ಕಿಂತ ಹೆಚ್ಚು ಏರಿಳಿಸಬಾರದು, ಏಕೆಂದರೆ ಫಲ ಕಾಣಲು ದಿನಗಳೇ ಬೇಕು.

ಸುರಕ್ಷತೆಯಲ್ಲಿ ನೀವು ತೋರಿದ ಕಟ್ಟುನಿಟ್ಟಿಗೆ ವಿಶೇಷ ಕೃತಜ್ಞತೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲಕ್ಕೆ ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ. 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನೂರು ಪಾಲು) ಸುಮಾರಿಗೆ ಮೂಗೇ ಸೋಲುತ್ತದೆ. ವಾಸನೆ ಇಲ್ಲವೆಂದು ವೆಟ್‌ವೆಲ್ಲಿಗೆ (ಪಂಪ್ ಮಾಡುವ ಮುನ್ನ ಕೊಳಚೆ ನೀರು ಸೇರುವ ಗುಂಡಿಗೆ) ಇಳಿಯುವುದು ಅದಕ್ಕೇ ಪ್ರಾಣಾಪಾಯ. ಅನಿಲ ಅಳೆಯುವ ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ನೋಡಬೇಕು: ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇರಬಾರದು. ಒಳಗೆ ಬಿದ್ದವನನ್ನು ಎಳೆಯಲು ಉಸಿರಾಟದ ಸಲಕರಣೆಯಿಲ್ಲದೆ ಯಾರೂ ಇಳಿಯಬಾರದು. ಹಾಗೆ ಇಳಿದವರು ಎರಡನೆಯ ಶವವಾಗುತ್ತಾರೆ. ಗಾಳಿಗುಳ್ಳೆ ತುಂಬಿದ ಏರೇಶನ್ ಟ್ಯಾಂಕಿನಲ್ಲಿ ಈಜು ಬಲ್ಲವರೂ ತೇಲುವುದು ಕಷ್ಟ, ಆದ್ದರಿಂದ ಕಟಾಂಜನ ದಾಟಿ ಬಾಗುವಂತಿಲ್ಲ.

ಫಿಟ್ಟರುಗಳೇ, ಪಂಪಿನ ಇಂಪೆಲ್ಲರಿಗೆ (ನೀರು ತಳ್ಳುವ ತಿರುಗು ಚಕ್ರಕ್ಕೆ) ಬಟ್ಟೆ ಸುತ್ತಿದಾಗ ಕೈಹಾಕುವ ಮೊದಲು ಬ್ರೇಕರ್ ಇಳಿಸಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ಪರೀಕ್ಷಿಸುವ ಆ ಕೊನೆಯ ಹೆಜ್ಜೆ ನಿಮ್ಮಿಂದ ಬಂದದ್ದು. ಬೀಗದ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ.

ಲ್ಯಾಬಿನವರು ಕ್ಷಾರೀಯತೆಯತ್ತ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿಯತ್ತ, ಕಣ್ಣು ತೆರೆಸಿದಿರಿ. 1 ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಪಿಎಚ್ ಕುಸಿಯುವ ಹೊತ್ತಿಗೆ ಕ್ಷಾರೀಯತೆ ಬಹುಪಾಲು ಬರಿದಾಗಿರುತ್ತದೆ. ಅದಕ್ಕೇ ಲಾಗ್‌ಬುಕ್ಕಿನಲ್ಲಿ ಪಿಎಚ್ ಪಕ್ಕದಲ್ಲೇ ಆ ಅಂಕಣವನ್ನೂ ಎಳೆದುಕೊಟ್ಟಿದ್ದೀರಿ. ಪ್ರತಿ ಪಾಳಿಯಲ್ಲೂ ಅದನ್ನು ತುಂಬುತ್ತೇವೆ.