ಅವ್ವನಿಗೆ ಗುಳಿಗೆ ತಪ್ಪಿಸಬೇಡಿ

ರಮತ್ ಗನ್, ಇಸ್ರೇಲ್, 6 ಜುಲೈ 2025

ಅಪ್ಪನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನು ಆರಾಮ ಇದ್ದೇನೆ.

ಮಂಜು ಬರೆದ ಪತ್ರ ಓದಿ ಕೈಕಾಲೇ ಆಡಲಿಲ್ಲ. ಅವ್ವ ಯಲ್ಲಮ್ಮನಿಗೆ ಹರಕೆ ಹೊತ್ತು ಮಂಗಳವಾರ, ಶುಕ್ರವಾರ ಉಪವಾಸ ಮಾಡ್ತಾಳಂತೆ. ಬಿಪಿ ಗುಳಿಗೆಯನ್ನೂ ಬಿಟ್ಟಿದ್ದಾಳಂತೆ. ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ನಮ್ಮ ಬಸು ಜಮ್ಮುವಿನಲ್ಲಿದ್ದ. ಆಗ ಹೊಕ್ಕ ಹೆದರಿಕೆ ಇಳಿಯುವ ಮೊದಲೇ ಇಲ್ಲಿ ಇರಾನಿನ ಕ್ಷಿಪಣಿ ಶುರುವಾದವು. ಹೆತ್ತ ಜೀವ ಎಷ್ಟು ಅಂತ ತಡೆದೀತು? ಆದರೆ ಗುಳಿಗೆ ಬಿಟ್ಟರೆ ಹೇಗೆ ಅಪ್ಪ?

ಸುಳ್ಳು ಹೇಳುವುದಿಲ್ಲ, ಜೂನ್ 13ರಿಂದ 24ರವರೆಗೆ ಕಷ್ಟವಿತ್ತು. ಇಲ್ಲಿ ಹೊಸ ಮನೆಗಳಲ್ಲಿ ಗಟ್ಟಿ ಗೋಡೆಯ ಒಂದು ಕೋಣೆ ಇರುತ್ತದೆ, ಮಮಾದ್ ಅಂತಾರೆ. ನಮ್ಮದು ಹಳೇ ಕಟ್ಟಡ, ನೆಲಮಾಳಿಗೆಗೇ ಇಳಿಯಬೇಕು. ಮೊದಲು ಫೋನ್ ಕೂಗುತ್ತದೆ, ಆಮೇಲೆ ಸೈರನ್. ಸೈರನ್ ಆದ ಮೇಲೆ ಒಂದೂವರೆ ನಿಮಿಷ ಅಷ್ಟೇ. ನಾನು ನೋಡಿಕೊಳ್ಳುವ ಅಜ್ಜಿಗೆ ನಡೆಯಲು ಬರುವುದಿಲ್ಲ. ಫೋನ್ ಕೂಗಿದ ಕೂಡಲೇ ಮೂರನೇ ಮಹಡಿಯ ಹುಡುಗ ಬರಿಗಾಲಲ್ಲೇ ಓಡಿ ಬರುತ್ತಿದ್ದ. ಗಾಲಿ ಕುರ್ಚಿಯನ್ನು ಮುಂದೆ ಅವನು, ಹಿಂದೆ ನಾನು ಎತ್ತಿಕೊಂಡು ಇಳಿಯುತ್ತಿದ್ದೆವು. ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಅವನ ಅಣ್ಣ ಹೋದ ವರ್ಷ ಗಾಜಾದಲ್ಲಿ ತೀರಿಕೊಂಡ. ಆಗ ಇಲ್ಲಿಯ ಸೂತಕದ ಪದ್ಧತಿಯಂತೆ ಏಳು ದಿನ ಮನೆಯವರೆಲ್ಲ ತಗ್ಗಿನ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಓಣಿಯಲ್ಲಿ ಮಾಡುವ ಹಾಗೇ ಅಕ್ಕಪಕ್ಕದವರೇ ಊಟ ತಂದುಕೊಟ್ಟರು. ಈಗ ನೆಲಮಾಳಿಗೆಯಲ್ಲಿ ಎಲ್ಲರೂ ಬಂದರಾ ಅಂತ ನೋಡುವವರು ಆ ತಾಯಿಯೇ. ನನ್ನ ಹೆಸರನ್ನೂ ಕೂಗಿ ಕರೆಯುತ್ತಾರೆ. ಅಳುವ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಬಿಸ್ಕೀಟು ಕೊಡುತ್ತಾರೆ. ನಾಯಿಗಳನ್ನೂ ಹೊತ್ತು ತರುತ್ತಾರೆ ಇಲ್ಲಿಯವರು! ಅವೂ ಎಷ್ಟು ಸುಮ್ಮನೆ ಕೂರುತ್ತವೆ ಅಂತೀರಿ. ಇಂಥವರ ನಡುವೆ ಇದ್ದೇನೆ ಅಂತ ಅವ್ವನಿಗೆ ಹೇಳಿ.

ನಮ್ಮವರನ್ನು ಊರಿಗೆ ಕರೆತರಲು ಸರ್ಕಾರ ಆಪರೇಷನ್ ಸಿಂಧು ವಿಮಾನ ಕಳಿಸಿದಾಗ ಯಾಕೆ ಬರಲಿಲ್ಲ ಅಂತ ಮಂಜು ಕೇಳಿದ್ದಾನೆ. ಜೋರ್ಡಾನ್, ಈಜಿಪ್ಟ್ ಮೂಲಕ ಸುಮಾರು ಜನ ಊರಿಗೆ ಹೋದರು. ಅಜ್ಜಿಯನ್ನು ಯಾರ ಕೈಗೆ ಒಪ್ಪಿಸಿ ಬರಲಿ? ಸೊಸೈಟಿ ಸಾಲವೂ ಮುಗಿದಿಲ್ಲ.

ಅವ್ವನನ್ನು ಈ ವಾರವೇ ಬೆಳಗಾವಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ. ಹಣ ಹಾಕಿದ್ದೇನೆ, ಅದನ್ನು ಬೀಜ ಗೊಬ್ಬರಕ್ಕೆ ಮುಟ್ಟಬೇಡಿ. ಗಂಗವ್ವ ಚಿಗವ್ವ ಮೇ ತಿಂಗಳಲ್ಲಿ ರಾತ್ರಿ ನಮ್ಮನೆಗೇ ಬಂದು ಅವ್ವನ ಪಕ್ಕ ಮಲಗುತ್ತಿದ್ದಳಲ್ಲ, ಇನ್ನೂ ಕೆಲವು ದಿನ ಬಾ ಅಂತ ನಾನೇ ಕೇಳಿದೆ ಅನ್ನಿ. ಟಿವಿಯಲ್ಲಿ ಸುದ್ದಿ ಹಚ್ಚಬೇಡಿ. ಗುಳಿಗೆಯನ್ನು ನಿಮ್ಮ ಕೈಯಾರೆ ಕೊಟ್ಟು, ನುಂಗುವ ತನಕ ಅಲ್ಲೇ ನಿಲ್ಲಿ. ಉಪವಾಸ ಸಾಕು. ಬನದ ಹುಣ್ಣಿಮೆಗೆ ರಜೆ ಕೇಳಿದ್ದೇನೆ, ಸವದತ್ತಿ ಗುಡ್ಡಕ್ಕೆ ನಾನೇ ಕರೆದುಕೊಂಡು ಹೋಗ್ತೇನೆ.

ನನಗೆ ಏನೂ ಆಗಿಲ್ಲ, ಖರೇನೇ ಏನೂ ಆಗಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಅಜ್ಜಿ ಕರೀತಿದ್ದಾರೆ, ಔಷಧಿ ಹೊತ್ತು. ಡಾಕ್ಟರ್ ಏನಂದರು ಅಂತ ಮಂಜು ಅವತ್ತೇ ಫೋನ್ ಮಾಡಲಿ.

ನಿಮ್ಮ ಮಗಳು,
ಸುಮಾ