ಮಡಿಕೇರಿ ಮನೆ: ಅಡ್ವಾನ್ಸ್ ಕೊಡುವ ಮೊದಲು

ಎಲ್ಲರಿಗೂ ನಮಸ್ಕಾರ. ನಾವು ಕೊಳ್ಳಬೇಕು ಅಂತಿರುವ ಮನೆ ನೋಡಿದ ಇಂಜಿನಿಯರ್ ರಿಪೋರ್ಟ್ ಕೊಟ್ಟಿದ್ದಾರೆ. ಹೆಂಚಿನ ಕೆಳಗಿನ ಪಕಾಸಿಗೆ ಗೆದ್ದಲು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಮನೆ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಕಟ್ಟಿದ ತಡೆಗೋಡೆ ಉಬ್ಬಿದೆ, ನೀರು ಹೋಗೋಕೆ ಅದರಲ್ಲಿ ತೂತೇ ಬಿಟ್ಟಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ರಿಪೇರಿಗೆ ಸುಮಾರು 6 ಲಕ್ಷ. ಭಾನುವಾರ 11ಕ್ಕೆ ಮಾಲೀಕರ ಹತ್ತಿರ ಮಾತು. ರಿಪೋರ್ಟ್ ಮುಂದಿಟ್ಟು ಅಷ್ಟು ಇಳಿಸಿ ಅಂತ ಕೇಳೋಣ, ಒಪ್ಪದಿದ್ದರೆ ಮಳೆ ಹಿಡಿಯುವ ಮೊದಲು ತಡೆಗೋಡೆಯನ್ನಾದರೂ ಅವರೇ ಕಟ್ಟಿಸಿಕೊಡಲಿ, ಅದನ್ನು ಅಗ್ರಿಮೆಂಟಲ್ಲಿ ಬರೆಸಿಯೇ ಅಡ್ವಾನ್ಸ್ ಕೊಡೋಣ. ಬಾಯಿಮಾತು ಬೇಡ.

ಅಲ್ಲಿಯವರೆಗೆ ಯಾರೂ ಬ್ರೋಕರ್‌ಗೆ ಫೋನ್ ಮಾಡಿ ಮನೆ ತುಂಬಾ ಹಿಡಿಸಿದೆ ಅನ್ನಬೇಡಿ, ಆಮೇಲೆ ರೇಟು ಇಳಿಯಲ್ಲ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಚಿಕ್ಕಪ್ಪ, ನೀವು ಬರಲೇಬೇಕು.